ಚಾರ್ಮಾಡಿಗೂ ಆಗಬೇಕು, ತೋಟದ ದಾರಿಗೂ ಆಗಬೇಕು: ಆಕ್ಟೇವಿಯಾ ವಿಆರ್‌ಎಸ್‌ಗೆ ಯಾವ ಕಾಯಿಲ್‌ಓವರ್?

ತೋಟದಮನೆ (ಆಲ್ದೂರು)

ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ತಲೆ ಕೆಟ್ಟು ಬರೆಯುತ್ತಿದ್ದೇನೆ.

ಕಾರು 2018ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230. ನಾನು ಮೂರನೇ ಓನರ್. 78,000 ಕಿ.ಮೀ. ಓಡಿದೆ. ಎಂಜಿನ್ ಬಗ್ಗೆ ಒಂದು ಮಾತಿಲ್ಲ, ಬೆಣ್ಣೆ. ಸಸ್ಪೆನ್ಷನ್ ಮಾತ್ರ ಕಂಪನಿಯಿಂದ ಬಂದದ್ದೇ ಇದೆ, ಯಾರೂ ಮುಟ್ಟಿಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಎಡ ತಿರುವು ಮುಗಿಸಿ ಬಲಕ್ಕೆ ಎಳೆದರೆ ಸ್ಟೀರಿಂಗ್ ಮೊದಲು ಹೋಗುತ್ತೆ, ಬಾಡಿ ಆಮೇಲೆ ಯೋಚನೆ ಮಾಡಿ ಬರುತ್ತೆ. ಹೈವೇಯಲ್ಲಿ ಸೇತುವೆ ಜಾಯಿಂಟ್ ಹತ್ತಿಳಿದರೆ ಹಿಂಭಾಗ ಎರಡು ಮೂರು ಸಲ ಕುಣಿಯುತ್ತೆ. ಅಪ್ಪ ಹಿಂದಿನ ಸೀಟಿನಲ್ಲಿ ಕೂತು "ದೋಣಿ ತಗೊಂಡಿದ್ದೀಯಾ ಮಗಾ" ಅಂತ ಕೇಳಿದರು.

ಹಾಗಾಗಿ ಕಾಯಿಲ್‌ಓವರ್ ಹಾಕಿಸೋಣ ಅಂತ. ಅಂದ್ರೆ ಸ್ಪ್ರಿಂಗೂ ಡ್ಯಾಂಪರೂ (ಶಾಕ್ ಅಬ್ಸಾರ್ಬರ್) ಜೋಡಿಯಾಗಿ ಬರುವ, ಎತ್ತರ ಹೊಂದಿಸಬಹುದಾದ ಸೆಟ್. ನೋಡಿಟ್ಟಿರುವುದು ಮೂರು: ಬಿಲ್‌ಸ್ಟೀನ್ ಬಿ14, ಕೆಡಬ್ಲ್ಯು ವಿ3, ಬಿಸಿ ರೇಸಿಂಗ್ ಬಿಆರ್. ಬಜೆಟ್ ಒಂದೂವರೆ ಲಕ್ಷ, ಕೂಲಿ ಸೇರಿ. ಒಂದೇ ತೊಂದರೆ. ಟಾರ್ ರಸ್ತೆಯಿಂದ ಮನೆಗೆ 600 ಮೀಟರ್ ಕೆಮ್ಮಣ್ಣು ದಾರಿ, ಗೇಟಿನ ಹತ್ತಿರ ನಮ್ಮಪ್ಪನೇ ನಿಂತು ಹಾಕಿಸಿದ ಒಂದು ಹಂಪ್. ದಿನಾ ಎರಡು ಸಲ ದಾಟಬೇಕು. ಯಾವುದು ತಗೊಳ್ಳಲಿ?

ಬೇಲೂರು_ಬೈಪಾಸ್

ಬಿಸಿ ರೇಸಿಂಗ್ ತಗೊಳಿ ಗುರು, ಕಣ್ಣು ಮುಚ್ಚಿಕೊಂಡು. ಡ್ಯಾಂಪಿಂಗ್ (ಕುಣಿತ ತಡೆಯುವ ಬಲ) ಹೊಂದಿಸೋಕೆ 30 ಕ್ಲಿಕ್ ಇದೆ. ಬೇಕಾದಾಗ ಮೆತ್ತಗೆ, ಬೇಕಾದಾಗ ಗಟ್ಟಿ. 40 ಮಿ.ಮೀ. ಇಳಿಸಿ, ಕಾರು ಏನು ಕಾಣುತ್ತೆ ಗೊತ್ತಾ!

ಕಡೂರು_ಜಂಕ್ಷನ್

ಒಂದು ತಿದ್ದುಪಡಿ. ಆಕ್ಟೇವಿಯಾ ಸೆಡಾನ್ ಅಲ್ಲ. ಡಿಕ್ಕಿ ಬಾಗಿಲು ಗಾಜಿನ ಸಮೇತ ಎದ್ದು ಬರುತ್ತೆ, ಅದು ಲಿಫ್ಟ್‌ಬ್ಯಾಕ್. ಸೆಡಾನ್ ವಿಭಾಗದಲ್ಲಿ ಹಾಕಿದ್ದೀರಿ.

ಬೇಲೂರು_ಬೈಪಾಸ್

ಬಂದ್ರು ನೋಡಿ.

ಗ್ಯಾರೇಜ್_ಬಾಗಿಲು (ಹಾಸನ)

ತೋಟದಮನೆ ಅವರೇ, ಬ್ರ್ಯಾಂಡ್ ಪಕ್ಕಕ್ಕಿಡಿ. ಹಿಂಭಾಗ ಎರಡು ಮೂರು ಸಲ ಕುಣಿಯುತ್ತೆ ಅಂದ್ರಲ್ಲ, ಅದು ಡ್ಯಾಂಪರ್ ಸತ್ತಿರುವ ಲಕ್ಷಣ. ಹೊಸದರಲ್ಲಿ ಈ ಕಾರು ಹಾಗೆ ಮಾಡುತ್ತಿರಲಿಲ್ಲ. ಈಗಿನ ದೋಣಿಯನ್ನು ಹೊಸ ಕಾಯಿಲ್‌ಓವರ್ ಜೊತೆ ಹೋಲಿಸಿದರೆ ಯಾವುದು ಹಾಕಿದರೂ ಸ್ವರ್ಗ ಅನ್ನಿಸುತ್ತೆ. ಹೋಲಿಸಬೇಕಾದದ್ದು ಹೊಸ ಕಂಪನಿ ಡ್ಯಾಂಪರ್ ಜೊತೆ.

ಒಂದು ಕೆಲಸ ಮಾಡಿ. ಹಿಂದಿನ ಚಕ್ರದ ಒಳಗೆ ಟಾರ್ಚ್ ಬಿಟ್ಟು ಡ್ಯಾಂಪರ್ ಕೊಳವೆ ನೋಡಿ. ಬರೀ ಧೂಳು ಇದ್ದರೆ ಸರಿ. ಧೂಳು ಎಣ್ಣೆ ಕುಡಿದು ಕಪ್ಪಗೆ ಮೇಣದ ಹಾಗೆ ಅಂಟಿಕೊಂಡಿದ್ದರೆ ಸೀಲ್ ಹೋಗಿದೆ ಅಂತ ಅರ್ಥ.

ಚಾರ್ಮಾಡಿ_ಸೆಕೆಂಡ್‌ಗೇರ್ (ಮೂಡಿಗೆರೆ)

ಮೇಲಿನವರು ಹೇಳಿದ್ದು ನಿಜ. ಆದರೂ ಕಾಯಿಲ್‌ಓವರ್ ಬೇಡ ಅಂತ ನಾನು ಹೇಳಲ್ಲ. ನನ್ನ ಹಳೇ ಆಕ್ಟೇವಿಯಾಗೆ ಬಿ14 ಹಾಕಿ ಮೂರು ಮಳೆಗಾಲ ಓಡಿಸಿದ್ದೇನೆ. ಅನುಭವ ಹೇಳ್ತೀನಿ.

ಬಿ14 ಮಾನೋಟ್ಯೂಬ್, ಅಂದ್ರೆ ಒಂದೇ ಕೊಳವೆಯ ಡ್ಯಾಂಪರ್. ಡ್ಯಾಂಪಿಂಗ್ ತಿರುಗಿಸುವ ಗುಂಡಿ ಇಲ್ಲ, ಎತ್ತರ ಮಾತ್ರ ಬದಲಿಸಬಹುದು. ಎಷ್ಟೋ ಜನಕ್ಕೆ ಇದು ಕೊರತೆ ಅನ್ನಿಸುತ್ತೆ, ನನಗೆ ವರ ಅನ್ನಿಸಿತು. ಸ್ಪ್ರಿಂಗಿಗೆ ತಕ್ಕ ವಾಲ್ವಿಂಗ್ (ಒಳಗೆ ಎಣ್ಣೆ ಹರಿಯುವ ದಾರಿಯ ಹೊಂದಾಣಿಕೆ) ಕಂಪನಿಯವರೇ ಮಾಡಿ ಕೊಟ್ಟಿರುತ್ತಾರೆ, ನಾವು ಕೆಡಿಸೋಕೆ ಜಾಗ ಇಲ್ಲ. ಘಾಟಿಯಲ್ಲಿ ಅದ್ಭುತ. ಬ್ರೇಕ್ ಹಾಕಿದಾಗ ಮೂಗು ಬಗ್ಗುವುದು ಅರ್ಧಕ್ಕರ್ಧ ಕಮ್ಮಿ.

ಆದರೆ ಯುರೋಪಿನ ಕಿಟ್‌ಗಳು ಹೆಚ್ಚಿನವು ಕಾರು ಇಳಿಸೋಕೆ ಅಂತಲೇ ಮಾಡಿದ್ದು. ಅತಿ ಎತ್ತರಕ್ಕೆ ಇಟ್ಟರೂ ಮಾಮೂಲಿಗಿಂತ ಎರಡು ಮೂರು ಸೆಂಟಿಮೀಟರ್ ಕೆಳಗೇ ಇರುತ್ತೆ. ಎತ್ತರ ನನ್ನ ಕೈಯಲ್ಲಿದೆ ಅಂದುಕೊಂಡು ತರಿಸಿದೆ, ಬಂದ ಮೇಲೆ ನೋಡಿದರೆ ಇಳಿಯುವುದು ಮಾತ್ರ ನನ್ನ ಕೈಯಲ್ಲಿ. ಬಣಕಲ್ ಕಡೆ ಒಂದು ಮೋರಿ ಹತ್ತಿರ ಎಂಜಿನ್ ಕೆಳಗಿನ ಕವರ್ ಮೂರು ಸಲ ನೆಲಕ್ಕೆ ಬಡಿಸಿದ್ದೇನೆ.

ತೋಟದಮನೆ (ಆಲ್ದೂರು)

ಅಯ್ಯೋ, ಇದು ಯಾರೂ ಹೇಳಿರಲಿಲ್ಲ. ಅಂದ್ರೆ ಕಂಪನಿ ಎತ್ತರಕ್ಕೇ ಇಟ್ಟು ಬರೀ ಬಿಗಿ ಮಾಡಿಕೊಳ್ಳೋಕೆ ಆಗಲ್ವಾ?

ಎಡದಂಡೆ_ಮೇಷ್ಟ್ರು (ಹಾಸನ)

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನು, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮುಂದಿನ ಒಂದು ಚಕ್ರದ ಮೇಲೆ 400 ಕಿಲೋ ಕೂತಿದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಸ್ಪ್ರಿಂಗ್ ಮಿಲಿಮೀಟರಿಗೆ 3 ಕಿಲೋದ್ದಾದರೆ ಕಾರು ನಿಂತಾಗಲೇ ಅದು 133 ಮಿ.ಮೀ. ಒತ್ತಿರುತ್ತೆ. 6 ಕಿಲೋ ಸ್ಪ್ರಿಂಗ್ ಹಾಕಿದರೆ 67. 8 ಕಿಲೋ ಆದರೆ 50 ಮಾತ್ರ.

ಈ ಒತ್ತಿದ ಅಂತರ ಯಾಕೆ ಮುಖ್ಯ? ಗುಂಡಿ ಬಂದಾಗ ಚಕ್ರ ಕೆಳಗೆ ಹೋಗಬೇಕು. ಸ್ಪ್ರಿಂಗ್ ಎಷ್ಟು ಒತ್ತಿದೆಯೋ ಅಷ್ಟೇ ದೂರ ಅದು ಚಕ್ರವನ್ನು ಕೆಳಕ್ಕೆ ತಳ್ಳಬಲ್ಲದು, ಅದೂ ಡ್ಯಾಂಪರ್ ಸ್ಟ್ರೋಕ್ (ಅದರ ರಾಡ್ ಓಡಾಡುವ ದೂರ) ಬಿಟ್ಟಷ್ಟು. ಗಟ್ಟಿ ಸ್ಪ್ರಿಂಗಿನ ಕಾರು ಗುಂಡಿಯಲ್ಲಿ ಟಪ್ ಅಂತ ಬೀಳುವುದು ಇದಕ್ಕೇ. ಚಕ್ರ ಗುಂಡಿಗೆ ಇಳಿಯುವ ಬದಲು ಇಡೀ ಮೂಲೆಯೇ ಇಳಿಯುತ್ತೆ. ನಮ್ಮ ರಸ್ತೆಯಲ್ಲಿ ಜನ ಉಬ್ಬಿಗೆ ಹೆದರುತ್ತಾರೆ, ಸಸ್ಪೆನ್ಷನ್ ಹೆದರಬೇಕಾದದ್ದು ತಗ್ಗಿಗೆ.

ಇನ್ನು ತೂಗಾಟದ ಲೆಕ್ಕ. ಅದೇ 400 ಕಿಲೋಗೆ 3 ಕಿಲೋ ಸ್ಪ್ರಿಂಗ್ ಆದರೆ ಸುಮಾರು 1.4 ಹರ್ಟ್ಸ್ (ಸೆಕೆಂಡಿಗೆ 1.4 ಸಲ ತೂಗಾಟ), 6 ಆದರೆ 1.9, 8 ಆದರೆ 2.2. ಮನೆ ಮಂದಿ ಕೂರುವ ಕಾರು ಒಂದರಿಂದ ಒಂದೂವರೆ ಒಳಗಿದ್ದರೆ ಹಿತ. ಎರಡು ದಾಟಿದರೆ ಟ್ರ್ಯಾಕ್ ಕಡೆ ಹೋದಂಗೆ. ಹಾಗಾಗಿ ಅಂಗಡಿಯವನಿಗೆ ಮೊದಲು ಸ್ಪ್ರಿಂಗ್ ರೇಟ್ ಕೇಳಿ. ಅದು ಹೇಳೋಕೆ ಬರದಿದ್ದರೆ ಎದ್ದು ಬನ್ನಿ.

ಬೇಲೂರು_ಬೈಪಾಸ್

ಮೇಷ್ಟ್ರೇ, ಅದಕ್ಕೇ ತಾನೇ 30 ಕ್ಲಿಕ್ ಇರೋದು? ಗಟ್ಟಿ ಅನ್ನಿಸಿದ್ರೆ ಮೆತ್ತಗೆ ಮಾಡ್ಕೊಂಡ್ರೆ ಆಯ್ತು.

ಎಡದಂಡೆ_ಮೇಷ್ಟ್ರು (ಹಾಸನ)

ಇಲ್ಲ ಮಾರಾಯ. ಕ್ಲಿಕ್ ತಿರುಗಿಸಿದರೆ ಸ್ಪ್ರಿಂಗ್ ಮೆತ್ತಗಾಗಲ್ಲ. ಅದು ಡ್ಯಾಂಪರ್ ಒಳಗೆ ಎಣ್ಣೆ ಹರಿಯುವ ದಾರಿಯನ್ನು ಹಿರಿದು ಕಿರಿದು ಮಾಡುತ್ತೆ, ಅಷ್ಟೇ. ಗಟ್ಟಿ ಸ್ಪ್ರಿಂಗಿಗೆ ಡ್ಯಾಂಪಿಂಗ್ ಸಡಿಲ ಬಿಟ್ಟರೆ ಮತ್ತೆ ದೋಣಿಯೇ, ಈ ಸಲ ಬೇಗ ಬೇಗ ಕುಣಿಯುವ ದೋಣಿ. ಪೂರ್ತಿ ಬಿಗಿ ಮಾಡಿದರೆ ಇನ್ನೊಂದು ಕಥೆ. ಸಾಲು ಉಬ್ಬುಗಳ ಮೇಲೆ ಹೋಗುವಾಗ ಚಕ್ರ ಮೇಲೆ ಹೋಗುತ್ತೆ, ವಾಪಸ್ ಇಳಿಯೋ ಮೊದಲೇ ಮುಂದಿನ ಉಬ್ಬು ಬರುತ್ತೆ. ಹಾಗೇ ಒಂದೊಂದೇ ಇಂಚು ಕೆಳಗೆ ಕೂತು ಕಡೆಗೆ ಬಂಪ್‌ಸ್ಟಾಪ್ (ಕೊನೆಯಲ್ಲಿ ತಡೆಯುವ ರಬ್ಬರ್ ತುಂಡು) ಮೇಲೆ ಓಡುತ್ತೆ. ಹೊರಗಿನಿಂದ ನೋಡುವವರಿಗೆ ಕಾರು ಬಿಗಿಯಾಗಿದೆ ಅನ್ನಿಸುತ್ತೆ, ಒಳಗಿರುವವರಿಗೆ ಸೊಂಟ.

ಡ್ಯಾಂಪಿಂಗ್ ತಿರುಗಿಸುವ ಗುಂಡಿ ಒಂದೇ ಇರುವ ಕಿಟ್‌ಗಳಲ್ಲಿ ಅದು ಹೆಚ್ಚಾಗಿ ಕೆಲಸ ಮಾಡುವುದು ಚಕ್ರ ವಾಪಸ್ ಇಳಿಯುವಾಗ, ಅಂದರೆ ರಿಬೌಂಡ್ ಮೇಲೆ. ಒತ್ತುವಾಗಿನದನ್ನೂ ಬೇರೆಯಾಗಿ ಹೊಂದಿಸಬೇಕಾದರೆ ಕೆಡಬ್ಲ್ಯು ವಿ3 ಥರದ್ದು ಬೇಕು. ಅದರಲ್ಲಿ ಎರಡಕ್ಕೂ ಬೇರೆ ಬೇರೆ ಹೊಂದಾಣಿಕೆ ಇದೆ. ಅದೇ ಕಂಪನಿಯ ವಿ1ರಲ್ಲಿ ಎರಡೂ ಇಲ್ಲ.

ಬೇಲೂರು_ಬೈಪಾಸ್

ಸರಿ ಮೇಷ್ಟ್ರೇ. ಆದರೂ ಕಾಣೋಕೆ 40 ಮಿ.ಮೀ. ಚೆಂದ. ಇದಕ್ಕೆ ಸೂತ್ರ ಇಲ್ಲ.

ಅರೇಬಿಕಾ_ಅಣ್ಣ (ಚಿಕ್ಕಮಗಳೂರು)

ಇಲ್ಲಿಯ ರ‍್ಯಾಲಿಗಳಲ್ಲಿ ಸರ್ವಿಸ್ ತಂಡಕ್ಕೆ ಸ್ಪ್ಯಾನರ್ ಹಿಡಿದುಕೊಟ್ಟು ಬೆಳೆದವನು ನಾನು. ನ್ಯಾಷನಲ್ ರ‍್ಯಾಲಿ ನಮ್ಮ ಊರಿನ ಕಾಫಿ ತೋಟದೊಳಗಿನ ಮಣ್ಣು ದಾರಿಯಲ್ಲಿ ನಡೆದಾಗ ಹೋಗಿ ನೋಡಿ. ಅಲ್ಲಿ ಯಾವ ಕಾರೂ ನೆಲ ನೆಕ್ಕುತ್ತಿರಲ್ಲ. ಎತ್ತರ ಇರುತ್ತೆ, ಚಕ್ರಕ್ಕೆ ಮೇಲೆ ಕೆಳಗೆ ಓಡಾಡೋಕೆ ಧಾರಾಳ ಜಾಗ ಇರುತ್ತೆ. ಅದೇ ಕಾರು ಟಾರ್ ರ‍್ಯಾಲಿಗೆ ಹೋದರೆ ಇಳಿಸಿ ಗಟ್ಟಿ ಮಾಡುತ್ತಾರೆ. ಎರಡಕ್ಕೂ ಒಂದೇ ಸೆಟ್ ಹಾಕಿಕೊಂಡು ಹೋಗುವವರು ಯಾರೂ ಇಲ್ಲ. ತೋಟದಮನೆ ಹುಡುಗ ಕೇಳುತ್ತಿರುವುದು ಎರಡಕ್ಕೂ ಒಂದೇ ಸೆಟ್. ಸಿಗುತ್ತೆ, ಆದರೆ ಎರಡರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು.

ಮಳೆಮಾಪಕ (ಕೊಪ್ಪ)

ತುಕ್ಕಿನ ಬಗ್ಗೆ ಒಬ್ಬರೂ ಮಾತಾಡಿಲ್ಲ!

ಕಾಯಿಲ್‌ಓವರ್ ಮೈತುಂಬ ಸ್ಕ್ರೂ ಥರ ಮರೆ (ಥ್ರೆಡ್) ಇರುತ್ತೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅದರೊಳಗೆ ಕೆಮ್ಮಣ್ಣು ತುಂಬಿ, ಒಣಗಿ, ಇಟ್ಟಿಗೆ ಆಗಿ ಕೂರುತ್ತೆ. ನಾನೊಂದು ಅಗ್ಗದ ಸೆಟ್ ಹಾಕಿಸಿದ್ದೆ, ಹೆಸರು ಬೇಡ. ಎರಡನೇ ಮಳೆಗಾಲ ಮುಗಿದು ಎತ್ತರ ಸ್ವಲ್ಪ ಏರಿಸೋಣ ಅಂತ ಸಿ-ಸ್ಪ್ಯಾನರ್ (ಕೊಕ್ಕೆ ಸ್ಪ್ಯಾನರ್) ಹಾಕಿದರೆ ಎತ್ತರ ಹೊಂದಿಸುವ ರಿಂಗ್ ಅಲುಗಲಿಲ್ಲ. ಡಬ್ಲ್ಯುಡಿ-40 ಹೊಡೆದು ರಾತ್ರಿ ಬಿಟ್ಟೆ. ಬೆಳಿಗ್ಗೆ ಬಲ ಹಾಕಿದೆ, ರಿಂಗಿನ ಹಲ್ಲು ಮುರಿದು ಕೈ ಹೋಗಿ ಡಿಸ್ಕ್ ಮೇಲಿನ ಕವರಿಗೆ ಬಡಿಯಿತು. ಗಾಯದ ಗುರುತು ಇನ್ನೂ ಇದೆ. ಎತ್ತರ ಹೊಂದಿಸಬಹುದು ಅಂತ ದುಡ್ಡು ಕೊಟ್ಟು ತಂದದ್ದು, ಕಡೆಗೆ ಒಂದೇ ಎತ್ತರಕ್ಕೆ ಬೆಸುಗೆ ಹಾಕಿದಂಗೆ ಆಯ್ತು.

ಕೆಡಬ್ಲ್ಯು ಕೊಳವೆ ಸ್ಟೇನ್‌ಲೆಸ್ ಸ್ಟೀಲ್. ನಮ್ಮ ಮಳೆಗೆ ಅದೊಂದೇ ಕಾರಣಕ್ಕೆ ಹೆಚ್ಚು ದುಡ್ಡು ಕೊಡಬಹುದು. ಬೇರೆ ಯಾವುದೇ ಹಾಕಿದರೂ ಫಿಟ್ ಮಾಡುವ ದಿನವೇ ಮರೆಗೆ ಆ್ಯಂಟಿ-ಸೀಜ್ ಗ್ರೀಸ್ ಸವರಿ, ಮೇಲೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ತೋಳಿನ ಹಾಗೆ ಹಾಕಿ. ಹತ್ತು ರೂಪಾಯಿ ಕೆಲಸ.

ಗ್ಯಾರೇಜ್_ಬಾಗಿಲು (ಹಾಸನ)

ಸೈಕಲ್ ಟ್ಯೂಬ್ ಐಡಿಯಾ ಸೂಪರ್. ಕೆಳಗಡೆ ತುದಿ ಕಟ್ಟಬೇಡಿ, ನೀರು ಇಳಿದು ಹೋಗಬೇಕು.

ಕಡೂರು_ಜಂಕ್ಷನ್

ಇನ್ನೊಂದು ತಿದ್ದುಪಡಿ. ಈ ಕಾರಿನ ಹಿಂದೆ ಕಾಯಿಲ್‌ಓವರೇ ಇಲ್ಲ. ಮುಂದೆ ಮಾತ್ರ ಸ್ಟ್ರಟ್ (ಡ್ಯಾಂಪರ್ ಇರುವ ಕಂಬ) ಮೇಲೆ ಸ್ಪ್ರಿಂಗ್ ಇದೆ. ಹಿಂದೆ ಮಲ್ಟಿಲಿಂಕ್, ಅಂದರೆ ಚಕ್ರ ಹಿಡಿಯೋಕೆ ಹಲವು ಆರ್ಮ್ (ತೋಳು), ಸ್ಪ್ರಿಂಗ್ ಬೇರೆ ಕಡೆ, ಡ್ಯಾಂಪರ್ ಬೇರೆ ಕಡೆ. ಕಿಟ್ ಜೊತೆ ಹಿಂದಕ್ಕೆ ಬರುವುದು ಸ್ಪ್ರಿಂಗ್ ಕೂರುವ ಒಂದು ತಿರುಗಿಸುವ ಬಟ್ಟಲು, ಮತ್ತೆ ಬೇರೆ ಡ್ಯಾಂಪರ್.

ಗ್ಯಾರೇಜ್_ಬಾಗಿಲು (ಹಾಸನ)

ಈ ಸಲ ಕಡೂರು ಸಾಹೇಬ್ರು ಹೇಳಿದ್ದು ಉಪಯೋಗಕ್ಕೆ ಬಂತು 😄

ಮುಂದಿನದಕ್ಕೆ ಸಂಬಂಧಪಟ್ಟ ಹಾಗೆ ಇನ್ನೊಂದು. ಈ ಕುಟುಂಬದ ಕಾರುಗಳಲ್ಲಿ ಸ್ಟ್ರಟ್ ವ್ಯಾಸ 50 ಮಿ.ಮೀ., 55 ಮಿ.ಮೀ. ಅಂತ ಎರಡು ಥರ ಬರುತ್ತೆ. ಅದು ನಕಲ್ (ಚಕ್ರ ಹಿಡಿದಿರುವ ಲೋಹದ ಭಾಗ) ಒಳಗೆ ಇಳಿದು ಬೋಲ್ಟ್ ಹಿಡಿತದಲ್ಲಿ ಕೂರುತ್ತೆ. ತಪ್ಪು ಸೈಜ್ ತರಿಸಿದರೆ ಕೂರಲ್ಲ. ವರ್ನಿಯರ್ ಇಟ್ಟು ಅಳೆದು ಆರ್ಡರ್ ಮಾಡಿ. ಫಾರ್ಮಿನಲ್ಲಿ ಮಾಡೆಲ್ ಹೆಸರು ಹಾಕಿದರೆ ಸಾಲದು.

ಕಾನೂನು_ಕಟ್ಟೆ (ಚಿಕ್ಕಮಗಳೂರು)

ರಸಭಂಗ ಮಾಡ್ತಿದ್ದೀನಿ, ಕ್ಷಮಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಿ. ಕಂಪನಿ ಕೊಟ್ಟ ವಿವರ ಬದಲಾಗುವ ಹಾಗೆ ವಾಹನ ಮಾರ್ಪಾಡು ಮಾಡುವಂತಿಲ್ಲ ಅಂತ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ 182ಎ ಅಡಿ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಬೇಲೂರು_ಬೈಪಾಸ್

ಸರ್, ಚಕ್ರದ ಒಳಗೆ ತಲೆ ಹಾಕಿ ನೋಡುವ ಪೊಲೀಸರನ್ನು ನಾನಿನ್ನೂ ನೋಡಿಲ್ಲ.

ಕಾನೂನು_ಕಟ್ಟೆ (ಚಿಕ್ಕಮಗಳೂರು)

ಪೊಲೀಸರು ನೋಡಲ್ಲ. ಇನ್ಶೂರೆನ್ಸ್ ಸರ್ವೇಯರ್ ನೋಡುತ್ತಾನೆ, ಅವನ ಕೆಲಸವೇ ಅದು. ಏನು ಹಾಕಿಸಿದರೂ ಮೊದಲು ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ, ಉತ್ತರ ಬರವಣಿಗೆಯಲ್ಲೇ ತಗೊಳ್ಳಿ. ಫೋನಿನಲ್ಲಿ "ಏನೂ ಆಗಲ್ಲ ಸರ್" ಅಂದದ್ದು ಕ್ಲೇಮ್ ದಿನ ನಿಲ್ಲಲ್ಲ. ಸವೆದ ಡ್ಯಾಂಪರ್ ತೆಗೆದು ಅದೇ ಅಳತೆಯದ್ದು ಹಾಕುವುದು ಬೇರೆ, ಕಾರು ನಾಲ್ಕು ಸೆಂಟಿಮೀಟರ್ ಇಳಿಸುವುದು ಬೇರೆ.

ತೋಟದಮನೆ (ಆಲ್ದೂರು)

ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಥ್ಯಾಂಕ್ಸ್.

ಇವತ್ತು ಬೆಳಿಗ್ಗೆ ಅಳತೆ ಹಿಡಿದೆ. ಹಂಪಿನ ಎರಡು ಬದಿಗೆ ಗೂಟ ಹೊಡೆದು ದಾರ ಎಳೆದು ಟೇಪ್ ಇಟ್ಟರೆ ನಡುವೆ 15 ಸೆಂ.ಮೀ. ಎತ್ತರ, ಅಗಲ ಮುಕ್ಕಾಲು ಮೀಟರೂ ಇಲ್ಲ. ಅಪ್ಪ ಬಂದು "ಏನೋ ಇದು, ಸರ್ವೆ ಮಾಡಿಸ್ತಿದ್ದೀಯಾ" ಅಂದರು. ಈಗಲೇ ಇಬ್ಬರು ಹಿಂದೆ ಕೂತರೆ ಹೊಟ್ಟೆ ಸವರುತ್ತೆ.

ಆಮೇಲೆ ಟಾರ್ಚ್ ಬಿಟ್ಟು ನೋಡಿದೆ. ಹಿಂದಿನ ಎಡದ್ದು ಬರೀ ಧೂಳು. ಹಿಂದಿನ ಬಲದ್ದು ಗ್ಯಾರೇಜ್ ಅಣ್ಣ ಹೇಳಿದ ಹಾಗೇ, ಮೇಲಿಂದ ಕೆಳತನಕ ಕಪ್ಪು ಮೇಣ. ಬೆರಳಲ್ಲಿ ಕೆರೆದರೆ ಉಗುರಿಗೆ ಎಣ್ಣೆ ಬಂತು.

ಬೇಲೂರು_ಬೈಪಾಸ್

15 ಸೆಂಟಿಮೀಟರಾ? ಅದು ಹಂಪ್ ಅಲ್ಲ ಗುರು, ತಡೆಗೋಡೆ.

ಟಾರ್_ಡಬ್ಬ (ಸಕಲೇಶಪುರ)

ರಸ್ತೆ ಕೆಲಸದವನಾಗಿ ಒಂದು ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ಮೇಲೆ 17 ಮೀಟರ್ ತ್ರಿಜ್ಯದ ವಕ್ರ. 25 ಕಿ.ಮೀ. ವೇಗದಲ್ಲಿ ಹಿತವಾಗಿ ದಾಟಬಹುದು. ನಿಮ್ಮ ಅಪ್ಪನ ಹಂಪ್ ಎತ್ತರಕ್ಕಿಂತ ಅಗಲದಲ್ಲಿ ಕೆಟ್ಟಿದೆ. ಎರಡು ಕಡೆ ಒಂದೊಂದೂವರೆ ಮೀಟರ್ ಜಲ್ಲಿ ಸಿಮೆಂಟ್ ಇಳಿಜಾರು ಕೊಡಿ. ನಾಲ್ಕೈದು ಮೂಟೆ ಸಿಮೆಂಟ್ ಸಾಕಾಗಬಹುದು. ಕಾಯಿಲ್‌ಓವರಿಗಿಂತ ಅಗ್ಗ.

ಅರೇಬಿಕಾ_ಅಣ್ಣ (ಚಿಕ್ಕಮಗಳೂರು)

ಈ ಥ್ರೆಡ್ಡಿನಲ್ಲೇ ಒಳ್ಳೇ ಸಸ್ಪೆನ್ಷನ್ ಸಲಹೆ ಇದು, ತಮಾಷೆ ಅಲ್ಲ.

ಚಾರ್ಮಾಡಿ_ಸೆಕೆಂಡ್‌ಗೇರ್ (ಮೂಡಿಗೆರೆ)

ಹಾಗಾದರೆ ನನ್ನ ಓಟು ಬದಲು. ಆ ಗೇಟು ಇಟ್ಟುಕೊಂಡು ಬಿ14 ಬೇಡ. ಬಿಲ್‌ಸ್ಟೀನ್ ಬಿ6 ನೋಡಿ. ಅದು ಬರೀ ಡ್ಯಾಂಪರ್, ಮಾಮೂಲಿ ಎತ್ತರದ ಸ್ಪ್ರಿಂಗಿಗೆ ಮಾಡಿದ್ದು. ಸ್ಪ್ರಿಂಗ್ ನಿಮ್ಮದೇ ಇರುತ್ತೆ, ಎತ್ತರ ಹಾಗೇ ಇರುತ್ತೆ, ಕುಣಿತ ನಿಲ್ಲುತ್ತೆ. ಬಿ8 ಅಂತ ಇನ್ನೊಂದಿದೆ, ಅದು ಗಿಡ್ಡ ಸ್ಪ್ರಿಂಗಿಗೆ. ಕಂಪನಿಯಿಂದಲೇ ಸ್ಪೋರ್ಟ್ ಸ್ಪ್ರಿಂಗ್ ಬಂದಿರುವ ಕೆಲವು ಕಾರಿಗೆ ಬಿ8 ಹೇಳಿರುತ್ತಾರೆ. ವಿಆರ್‌ಎಸ್ ಮಾಮೂಲಿ ಆಕ್ಟೇವಿಯಾಗಿಂತ ಸ್ವಲ್ಪ ತಗ್ಗು, ಹಾಗಾಗಿ ಚಾಸಿ ನಂಬರ್ ಕೊಟ್ಟೇ ಕೇಳಿ.

ತಿರುವಿನಲ್ಲಿ ವಾಲುವುದು ಆಮೇಲೂ ಜಾಸ್ತಿ ಅನ್ನಿಸಿದರೆ ಹಿಂದಕ್ಕೆ ದಪ್ಪ ಆ್ಯಂಟಿ-ರೋಲ್ ಬಾರ್ (ವಾಲುವುದು ತಡೆಯುವ ಸರಳು) ಹಾಕಿ. ಮುಂದಿನ ಚಕ್ರ ಎಳೆಯುವ ಕಾರಿಗೆ ಅದರಿಂದ ಮೂಗು ಹೊರಗೆ ಓಡುವುದೂ ಕಮ್ಮಿ ಆಗುತ್ತೆ. ಮಳೆಯಲ್ಲಿ ಮಾತ್ರ ಹುಷಾರು, ಹಿಂಭಾಗ ಹಗುರ ಆಗುತ್ತೆ.

ಮಳೆಮಾಪಕ (ಕೊಪ್ಪ)

ನಾನು ಒಪ್ಪಲ್ಲ. ಒಂದೂವರೆ ಲಕ್ಷ ಇದ್ದವರು ಹಂಪ್ ಅಗಲ ಮಾಡಿಸಿ ವಿ3 ಹಾಕಿಸಬೇಕು. ಸ್ಟೇನ್‌ಲೆಸ್ ಕೊಳವೆ, ಎರಡು ಕಡೆ ಹೊಂದಾಣಿಕೆ, ಇನ್ನೇನು ಬೇಕು? ಜೀವನದಲ್ಲಿ ಒಂದೇ ಸಲ ಮಾಡುವ ಖರ್ಚು.

ಎಡದಂಡೆ_ಮೇಷ್ಟ್ರು (ಹಾಸನ)

ವಿ3 ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೂ ಕಾರನ್ನು ಇಳಿಸುವ ಕಿಟ್ಟೇ. ಇಳಿಸಿದಷ್ಟೂ ಕೆಳಗಿನ ಆರ್ಮ್ ಓರೆ ಆಗುತ್ತೆ, ರೋಲ್ ಸೆಂಟರ್ (ಕಾರು ವಾಲುವಾಗ ತಿರುಗುವ ಬಿಂದು) ಕೆಳಗೆ ಹೋಗುತ್ತೆ. ಕಾರಿನ ಗುರುತ್ವಕೇಂದ್ರ ಇಳಿದದ್ದಕ್ಕಿಂತ ಅದು ಜಾಸ್ತಿ ಇಳಿಯುತ್ತೆ. ಹೀಗಾಗಿ ವಾಲುವಿಕೆ ತಡೆಯೋಕೆ ಇನ್ನೂ ಗಟ್ಟಿ ಸ್ಪ್ರಿಂಗ್ ಬೇಕಾಗುತ್ತೆ. ಒಂದು ಸಾಲ ತೀರಿಸೋಕೆ ಇನ್ನೊಂದು ಸಾಲ.

ಗ್ಯಾರೇಜ್_ಬಾಗಿಲು (ಹಾಸನ)

ಯಾವುದು ಹಾಕಿಸಿದರೂ ಫಿಟ್ಟಿಂಗ್ ದಿನ ಪಕ್ಕದಲ್ಲಿ ನಿಂತು ನೋಡಿ. ಹೋದ ವರ್ಷ ನನ್ನ ಹತ್ತಿರ ಒಂದು ಕಾರು ಬಂತು. ಬೇರೆ ಊರಿನ ದೊಡ್ಡ ಅಂಗಡಿಯಲ್ಲಿ ಹಾಕಿಸಿದ್ದು, ಎಂಟೇ ತಿಂಗಳಲ್ಲಿ ಹಿಂದಿನ ಆರ್ಮ್ ಕೀಲಿನ ರಬ್ಬರ್ ಬುಷ್ ಎಲ್ಲ ಹರಿದಿದ್ದವು. ಕಾರಣ, ಲಿಫ್ಟ್ ಮೇಲೆ ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿದ್ದಾರೆ. ರಬ್ಬರ್ ಬುಷ್ ಆ ನೇತಾಡುವ ಕೋನದಲ್ಲೇ ಸಿಕ್ಕಿಕೊಂಡಿದೆ. ಕಾರು ಇಳಿಸಿದ ಕೂಡಲೇ ತಿರುಚಿಕೊಂಡು ನಿಂತಿದೆ, ಹಗಲು ರಾತ್ರಿ. ಬೋಲ್ಟ್ ಕೊನೇ ಬಿಗಿ ಮಾಡಬೇಕಾದದ್ದು ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ, ಅಥವಾ ಜ್ಯಾಕ್ ಕೊಟ್ಟು ಆರ್ಮನ್ನು ಅದೇ ಎತ್ತರಕ್ಕೆ ತಂದು.

ಬಿಚ್ಚುವ ಮೊದಲು ನಾಲ್ಕೂ ಕಡೆ ಚಕ್ರದ ನಡುವಿನಿಂದ ಫೆಂಡರ್ ತುದಿಗೆ ಟೇಪ್ ಹಿಡಿದು ಬರೆದುಕೊಳ್ಳಿ. ಮುಂದೆ ಟಾಪ್ ಮೌಂಟ್ (ಸ್ಟ್ರಟ್ ಮೇಲ್ತುದಿಯನ್ನು ಬಾಡಿಗೆ ಹಿಡಿಯುವ ಭಾಗ), ಬೇರಿಂಗ್ ಹೊಸದು ಹಾಕಿ. ಹಳೇದು ಉಳಿಸಿದರೆ ತಿಂಗಳೊಳಗೆ ಟಕ್ ಟಕ್ ಶುರು. ಆಮೇಲೆ ವೀಲ್ ಅಲೈನ್‌ಮೆಂಟ್. ಎತ್ತರ ಬದಲಾದರೆ ಹೆಡ್‌ಲೈಟ್ ಸೆನ್ಸರ್ ಕೂಡ ಸ್ಕ್ಯಾನರ್ ಹಾಕಿ ಮತ್ತೆ ಸೆಟ್ ಮಾಡಬೇಕು. ಇಲ್ಲದಿದ್ದರೆ ಮಂಜಿನಲ್ಲಿ ಎದುರು ಬರುವವರು ಬೈಯುತ್ತಾರೆ.

ಕಡೂರು_ಜಂಕ್ಷನ್

ಟೈರ್ ಯಾವ ವರ್ಷದ್ದು ಅಂತ ಯಾರೂ ಕೇಳಲಿಲ್ಲ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕಡೇ ಎರಡು ವರ್ಷ.

ತೋಟದಮನೆ (ಆಲ್ದೂರು)

ನೋಡಿದೆ. ಮುಂದಿನವು 3522. ಹಿಂದಿನವು 1118. ಅಂದರೆ ಹಿಂದಿನವು ಕಾರಿನ ಜೊತೆಗೇ ಹುಟ್ಟಿದ್ದು!

ಕಡೂರು_ಜಂಕ್ಷನ್

ಒಣಗಿದ ರೊಟ್ಟಿ ಮೇಲೆ ಘಾಟಿ ಇಳಿಯುತ್ತಿದ್ದೀರಿ ಸ್ವಾಮಿ.

ಚಾರ್ಮಾಡಿ_ಸೆಕೆಂಡ್‌ಗೇರ್ (ಮೂಡಿಗೆರೆ)

ರೊಟ್ಟಿ ಅಂದಾಗ ನೆನಪಾಯ್ತು. ಮುಂದಿನ ಭಾನುವಾರ ಕೊಟ್ಟಿಗೆಹಾರದಲ್ಲಿ ನೀರುದೋಸೆ, ಯಾರ್ಯಾರು ಬರ್ತೀರಿ?

ಬೇಲೂರು_ಬೈಪಾಸ್

ನಾನು ರೆಡಿ. ಕಾರು ನಿಲ್ಲಿಸೋ ಜಾಗದಲ್ಲಿ ಕಲ್ಲು ಇದೆಯಾ ಅಣ್ಣಾ? ಬಂಪರ್ ಕೆಳಗಿನ ಸ್ಪ್ಲಿಟರ್ ಹೊಸದು.

ತೋಟದಮನೆ (ಆಲ್ದೂರು)

ಐದು ವಾರದ ನಂತರ ಬರೆಯುತ್ತಿದ್ದೇನೆ. ಹಂಪಿನ ಎರಡು ಕಡೆ ಇಳಿಜಾರು ಹಾಕಿಸಿದೆ. ಐದು ಮೂಟೆ ಸಿಮೆಂಟ್ ಹಿಡಿಯಿತು. ಅಪ್ಪ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ತಾವೇ ನಿಂತು ನೀರು ಹಾಕಿದರು. ಹಿಂದಕ್ಕೆ ಎರಡು ಹೊಸ ಟೈರ್. ಚಾಸಿ ನಂಬರ್ ಕೊಟ್ಟು ಕೇಳಿದಾಗ ಅಂಗಡಿಯವರು ಹೇಳಿದ ಬಿಲ್‌ಸ್ಟೀನ್ ಡ್ಯಾಂಪರ್ ನಾಲ್ಕೂ ಕಡೆ, ಸ್ಪ್ರಿಂಗ್ ಹಳೇದೇ. ಟಾಪ್ ಮೌಂಟ್ ಹೊಸದು. ಬೋಲ್ಟ್ ಬಿಗಿ ಮಾಡುವಾಗ ಪಕ್ಕದಲ್ಲೇ ಇದ್ದೆ. ಹುಡುಗ ಲಿಫ್ಟ್ ಮೇಲೇ ಬಿಗಿ ಮಾಡೋಕೆ ಹೊರಟ, ತಡೆದೆ. "ಯಾರ್ ಸಾರ್ ನಿಮಗೆ ಇದೆಲ್ಲ ಹೇಳ್ಕೊಟ್ಟಿದ್ದು" ಅಂದ.

ವಿ3 ಆಸೆ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನಿನ್ನೆ ಉಜಿರೆಗೆ ಮದುವೆಗೆ ಹೋಗಿದ್ದೆವು. ಎಡದಿಂದ ಬಲಕ್ಕೆ ಎಳೆದರೆ ಬಾಡಿ ಈಗ ಜೊತೆಗೇ ಬರುತ್ತೆ. ಸಣ್ಣ ಗುಂಡಿ ಮೊದಲಿಗಿಂತ ಸ್ವಲ್ಪ ಜಾಸ್ತಿ ಗೊತ್ತಾಗುತ್ತೆ, ದೊಡ್ಡದು ಗೊತ್ತಾಗಲ್ಲ. ವಾಪಸ್ ಬರುವಾಗ ಮಂಜು, ಎರಡನೇ ಗೇರಿನಲ್ಲಿ ಹತ್ತಿ ಕೊಟ್ಟಿಗೆಹಾರ ತಲುಪಿ ಹಿಂದೆ ತಿರುಗಿ ನೋಡಿದರೆ ಅಪ್ಪ ಬಾಯಿ ಬಿಟ್ಟುಕೊಂಡು ನಿದ್ದೆ.

ಬೇಲೂರು_ಬೈಪಾಸ್

ಚೆನ್ನಾಗಿದೆ ಗುರು. ಆದರೂ ಫೋಟೋದಲ್ಲಿ ಚಕ್ರಕ್ಕೂ ಫೆಂಡರಿಗೂ ನಡುವೆ ಬೆಕ್ಕು ಮಲಗಬಹುದು.

ಗ್ಯಾರೇಜ್_ಬಾಗಿಲು ಅಣ್ಣಾ, ನನ್ನದು ಎಡ ಮುಂದೆ ಟಕ್ ಅಂತಿದೆ. ಶನಿವಾರ ಇರ್ತೀರಾ?

ಗ್ಯಾರೇಜ್_ಬಾಗಿಲು (ಹಾಸನ)

ಬಾ. ನಮ್ಮ ಬಾಗಿಲಲ್ಲೂ ಒಂದು ಹಂಪ್ ಇದೆ, ಮೆಲ್ಲಗೆ.